ಒಂದು ಆರ್ಡರ್‌ನ ಬೆನ್ನು ಹಿಡಿದು: ಇ-ಕಾಮರ್ಸ್‌ಗಾಗಿ ವೆಬ್ ಪ್ರೋಗ್ರಾಮಿಂಗ್ ಕಲಿಯಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಿಟಿಎಂ ಲೇಔಟ್ ಕಡೆ ಒಂದು ಸುತ್ತು ಹಾಕಿದರೆ ಕಟ್ಟಡಕ್ಕೊಂದು ‘ಫುಲ್ ಸ್ಟ್ಯಾಕ್’ (ವೆಬ್ ತಾಣದ ಮುಂಭಾಗ, ಹಿಂಭಾಗ ಎರಡನ್ನೂ ಕಲಿಸುವ) ತರಬೇತಿ ಕೇಂದ್ರದ ಬೋರ್ಡು ಕಾಣಿಸುತ್ತದೆ. ಅಲ್ಲಿ ಕಲಿತವರಲ್ಲಿ ತುಂಬಾ ಜನ ಕೊನೆಗೆ ಒಂದು ಇ-ಕಾಮರ್ಸ್ ಪ್ರಾಜೆಕ್ಟ್ ಮಾಡುತ್ತಾರೆ. ಸಾಲಾಗಿ ಚಿತ್ರಗಳು, ಕೆಳಗೆ ಬೆಲೆ, ಪಕ್ಕದಲ್ಲಿ ‘ಕಾರ್ಟ್‌ಗೆ ಸೇರಿಸಿ’ ಬಟನ್. ಒತ್ತಿದರೆ ಮೂಲೆಯಲ್ಲಿರುವ ಸಂಖ್ಯೆ ಒಂದು ಜಾಸ್ತಿ ಆಗುತ್ತದೆ. ಅಲ್ಲಿಗೆ ಪ್ರಾಜೆಕ್ಟ್ ಮುಗಿಯಿತು.

ನಿಜವಾದ ಕೆಲಸ ಶುರುವಾಗುವುದು ಹಣ ಕಟ್ಟುವ ಬಟನ್ ಒತ್ತಿದ ಮೇಲೆ. ಬ್ಯಾಂಕಿನಿಂದ ಹಣ ಹೋಯಿತು, ಆರ್ಡರ್ ಮಾತ್ರ ಕಾಣುತ್ತಿಲ್ಲ. ಇದ್ದದ್ದು ಒಂದೇ ಪ್ಯಾಕೆಟ್, ಕೊಂಡವರು ಇಬ್ಬರು. ಬಿಲ್‌ನಲ್ಲಿ ಒಂದು ಪೈಸೆ ಹೆಚ್ಚು ಬಂದಿದೆ. ಇಂಥವನ್ನು ಬಿಡಿಸಲು ಬರುವವರನ್ನೇ ಕಂಪನಿಗಳು ಹುಡುಕುವುದು. ಹಾಗಾಗಿ ಇಲ್ಲಿ ಭಾಷೆ ಮತ್ತು ಫ್ರೇಮ್‌ವರ್ಕ್‌ಗಳ (ಮೊದಲೇ ತಯಾರಾಗಿರುವ ಕೋಡ್ ಚೌಕಟ್ಟುಗಳ) ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಒಂದು ಆರ್ಡರ್ ಹುಟ್ಟಿದಲ್ಲಿಂದ ಗಿರಾಕಿಯ ಮನೆ ಸೇರುವವರೆಗೆ ಅದರ ಹಿಂದೆಯೇ ಹೋಗೋಣ. ದಾರಿಯಲ್ಲಿ ಏನೇನು ಬೇಕಾಗುತ್ತದೋ ಅದನ್ನು ಅಲ್ಲಲ್ಲೇ ಕಲಿಯೋಣ.

ಮೊದಲು ಅಂಗಡಿ ಹುಡುಕಿ, ಆಮೇಲೆ ಕೋಡ್

ಮೊಬೈಲ್ ಫೋನ್ ಮಾರುವ ನಕಲಿ ಅಂಗಡಿ ಕಟ್ಟಬೇಡಿ. ಎಲ್ಲರೂ ಅದನ್ನೇ ಕಟ್ಟುತ್ತಾರೆ, ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ನಿಜವಾಗಿಯೂ ನಡೆಯುತ್ತಿರುವ ಒಂದು ಅಂಗಡಿ ಆರಿಸಿಕೊಳ್ಳಿ. ಈ ಬರಹಕ್ಕೆ ನಾನು ಗಾಂಧಿಬಜಾರ್ ಕಡೆಯ ಒಂದು ಕಾಂಡಿಮೆಂಟ್ಸ್ ಅಂಗಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು. ಒಂದೊಂದೂ 250 ಗ್ರಾಂ, 500 ಗ್ರಾಂ, 1 ಕಿಲೋ ಪ್ಯಾಕೆಟ್‌ಗಳಲ್ಲಿ ಸಿಗುತ್ತದೆ. ಕೆಲವು ಹತ್ತೇ ದಿನಕ್ಕೆ ಹಳತಾಗುತ್ತವೆ. ಗೌರಿ ಹಬ್ಬ, ದೀಪಾವಳಿ ಬಂದರೆ ಗಿರಾಕಿಗಳನ್ನು ಸಂಭಾಳಿಸಲು ಆಗುವುದಿಲ್ಲ. ಸಾಫ್ಟ್‌ವೇರ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ತಲೆನೋವು ಸಿಗಲಿಕ್ಕಿಲ್ಲ.

ಅಂಗಡಿಯವರ ಹತ್ತಿರ ಹೋಗಿ ಮಾತಾಡಿ. ‘ಸಾರ್, ಫೋನ್‌ನಲ್ಲಿ ಆರ್ಡರ್ ಹೇಳಿದೋರು ಬರದೇ ಇದ್ರೆ ಏನ್ ಮಾಡ್ತೀರಿ?’ ಅಂತ ಕೇಳಿ. ‘ಆರು ಗಂಟೆವರೆಗೂ ಎತ್ತಿಟ್ಟಿರ್ತೀವಮ್ಮಾ, ಆಮೇಲೆ ಬಂದೋರಿಗೆ ಕೊಟ್ಬಿಡ್ತೀವಿ’ ಎಂದರೆ ಅದನ್ನು ಬರೆದಿಟ್ಟುಕೊಳ್ಳಿ. ಸ್ಟಾಕ್ ಕಾದಿರಿಸುವ ನಿಯಮವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಾರೆ. ಮುಂದೆ ಅದನ್ನೇ ಕೋಡ್ ಆಗಿ ಬರೆಯುತ್ತೇವೆ.

ದೊಡ್ಡವರೂ ಸಣ್ಣದಾಗಿಯೇ ಶುರುಮಾಡಿದ್ದು. ಫ್ಲಿಪ್‌ಕಾರ್ಟ್ 2007ರಲ್ಲಿ ಇದೇ ಊರಿನ ಕೋರಮಂಗಲದಲ್ಲಿ ಆರಂಭವಾದಾಗ ಮಾರುತ್ತಿದ್ದದ್ದು ಪುಸ್ತಕ ಮಾತ್ರ.

ಯಂತ್ರ, ಭಾಷೆ, ಸಮಯ

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಹೊಸದು ಕೊಳ್ಳಲು ದುಡ್ಡಿಲ್ಲದಿದ್ದರೆ ಎಸ್‌ಪಿ ರೋಡ್‌ನಲ್ಲಿ ಹಳೆಯದು ಸಿಗುತ್ತದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರುವುದನ್ನೇ ಕೇಳಿ, ಬ್ಯಾಟರಿಯನ್ನು ಅಲ್ಲೇ ನಿಂತು ಪರೀಕ್ಷೆ ಮಾಡಿ. ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರವೂ ಚುರುಕಾಗಿ ಓಡುತ್ತದೆ.

ಯಾವ ಭಾಷೆ ಎನ್ನುವ ಜಗಳದಲ್ಲಿ ತಿಂಗಳುಗಳನ್ನು ಕಳೆಯಬೇಡಿ. ಪಿಎಚ್‌ಪಿ, ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಎಲ್ಲದರಲ್ಲೂ ಅಂಗಡಿ ಕಟ್ಟಬಹುದು. ನನ್ನ ಆಯ್ಕೆ ಪೈಥಾನ್ ಮತ್ತು ಅದರ ಜ್ಯಾಂಗೋ ಫ್ರೇಮ್‌ವರ್ಕ್. ಓದಲು ಸುಲಭ ಎನ್ನುವುದು ಒಂದು ಕಾರಣ. ಇನ್ನೊಂದು, ಲಾಗಿನ್, ಸೆಷನ್, ಅಡ್ಮಿನ್ ಪುಟ ಎಲ್ಲ ಅದರಲ್ಲೇ ತಯಾರಾಗಿ ಬರುತ್ತವೆ. ಅಂಗಡಿಯವರು ಬೆಲೆ ಬದಲಿಸಲು ಬೇಕಾದ ಪುಟವನ್ನು ಮೊದಲ ವಾರವೇ ತೋರಿಸಬಹುದು. ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಇರಲಿ. ಬ್ರೌಸರ್‌ನಲ್ಲಿ ಓಡುವ ಪುಟಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್ ಈಗ ಬೇಡ. ಕೆಲಸ ಹುಡುಕುವಾಗ ಅದು ಬೇಕಾಗುತ್ತದೆ, ನಿಜ. ಆದರೆ ಮೊದಲು ಸಾದಾ ಪುಟಗಳಲ್ಲಿ ಅಂಗಡಿ ನಡೆಯಲಿ, ಆಮೇಲೆ ರಿಯಾಕ್ಟ್ ಕಲಿತರೆ ಅದು ಯಾಕೆ ಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ದಿನಕ್ಕೆ ಎರಡು ಗಂಟೆ ಕೂತರೆ ಆರೆಂಟು ತಿಂಗಳು ಹಿಡಿಯುತ್ತದೆ ಎಂದುಕೊಳ್ಳಿ. ‘45 ದಿನದಲ್ಲಿ ಡೆವಲಪರ್’ ಎನ್ನುವ ಚೀಟಿಗಳನ್ನು ಸುಮ್ನೆ ಓದಿ ಮುಂದೆ ಹೋಗಿ.

ಹಂತ 1: ಬ್ರೌಸರ್ ಮತ್ತು ಸರ್ವರ್ ಮಾತಾಡುವುದನ್ನು ನೋಡಿ

ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿಯಲು ಮೊಜಿಲ್ಲಾದವರ ಎಂಡಿಎನ್ ತಾಣಕ್ಕಿಂತ ಒಳ್ಳೆಯ ಜಾಗ ಇಲ್ಲ, ಅದು ಉಚಿತ. ಹೆಡಿಂಗ್, ಚಿತ್ರ, ಲಿಂಕ್, ಫಾರ್ಮ್ ಇಷ್ಟು ಬಂದರೆ ಸಾಕು. ಫಾರ್ಮ್ ಮಾತ್ರ ಚೆನ್ನಾಗಿ ಕಲಿಯಿರಿ, ಅಂಗಡಿಯಲ್ಲಿ ಗಿರಾಕಿ ಮಾತಾಡುವುದೆಲ್ಲ ಅದರ ಮೂಲಕವೇ. ಪುಟವನ್ನು ಮೊದಲು ಮೊಬೈಲ್ ಪರದೆಗೆ ಹೊಂದಿಸಿ, ಆಮೇಲೆ ಕಂಪ್ಯೂಟರ್‌ಗೆ ಹಿಗ್ಗಿಸಿ.

ಇದರ ಜೊತೆಗೆ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ‘ನೆಟ್‌ವರ್ಕ್’ ಭಾಗ ನೋಡುತ್ತಾ, ನೀವು ದಿನವೂ ಬಳಸುವ ಯಾವುದಾದರೂ ಅಂಗಡಿ ತಾಣದಲ್ಲಿ ಓಡಾಡಿ. ಪ್ರತಿ ಕ್ಲಿಕ್‌ಗೂ ಸರ್ವರ್‌ಗೆ, ಅಂದರೆ ಆ ತಾಣ ಇರುವ ಕಂಪ್ಯೂಟರ್‌ಗೆ, ಒಂದು ವಿನಂತಿ ಹೋಗಿ ಉತ್ತರ ಬರುವುದು ಕಾಣುತ್ತದೆ. ಪುಟ ತೋರಿಸಲು ‘ಗೆಟ್’, ಏನನ್ನಾದರೂ ಬದಲಿಸಲು ‘ಪೋಸ್ಟ್’. 200 ಬಂದರೆ ಸರಿ, 302 ಬಂದರೆ ಬೇರೆ ಪುಟಕ್ಕೆ ಹೋಗು, 404 ಅಂದರೆ ಪುಟವೇ ಇಲ್ಲ, 500 ಅಂದರೆ ಸರ್ವರ್ ಮುಗ್ಗರಿಸಿದೆ. ಕಾರ್ಟ್‌ಗೆ ಸೇರಿಸುವ ಕೆಲಸವನ್ನು ಯಾವತ್ತೂ ‘ಗೆಟ್’ ಲಿಂಕ್ ಆಗಿ ಮಾಡಬೇಡಿ. ಲಿಂಕ್‌ಗಳ ಹಿಂದೆ ಹೋಗುವುದೇ ಸರ್ಚ್ ಎಂಜಿನ್‌ಗಳ ಕೆಲಸ. ಅವು ಬಂದು ನಿಮ್ಮ ಕೋಡುಬಳೆಯನ್ನೆಲ್ಲ ಕಾರ್ಟ್‌ಗೆ ತುಂಬಿಬಿಡುತ್ತವೆ!

ಹಂತ 2: ಟೇಬಲ್‌ಗಳನ್ನು ಕಾಗದದ ಮೇಲೆ ಬರೆಯಿರಿ

ಇಲ್ಲಿ ಆತುರ ಮಾಡಬೇಡಿ. ಪುಟದ ಬಣ್ಣ ನಾಳೆ ಬದಲಿಸಬಹುದು. ಡೇಟಾಬೇಸ್ ತಪ್ಪಾದರೆ, ಸಾವಿರ ಆರ್ಡರ್ ಬಂದ ಮೇಲೆ ತಿದ್ದುವುದು ನರಕ.

ಮೊದಲನೆಯದು ಪದಾರ್ಥ ಮತ್ತು ಪ್ಯಾಕೆಟ್‌ನ ವ್ಯತ್ಯಾಸ. ‘ಕೋಡುಬಳೆ’ ಒಂದು ಪದಾರ್ಥ. ಮಾರಾಟವಾಗುವುದು ‘ಕೋಡುಬಳೆ 250 ಗ್ರಾಂ’. ಬೆಲೆ, ಸ್ಟಾಕ್, ತೂಕ ಇವೆಲ್ಲ ಪ್ಯಾಕೆಟ್‌ಗೆ ಸೇರಿದವು. ಹೆಸರು, ವಿವರಣೆ, ಚಿತ್ರ ಪದಾರ್ಥಕ್ಕೆ ಸೇರಿದವು. ಎರಡಕ್ಕೂ ಬೇರೆ ಬೇರೆ ಟೇಬಲ್ ಮಾಡಿ. ಒಂದೇ ಟೇಬಲ್‌ಗೆ ತುರುಕಿದರೆ ಕೋಡುಬಳೆಯ ವಿವರಣೆಯನ್ನು ಮೂರು ಕಡೆ ತಿದ್ದಬೇಕಾಗುತ್ತದೆ.

ಎರಡನೆಯದು ಹಣ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ದ್ವಿಮಾನದಲ್ಲಿ ಇಡುವುದರಿಂದ 0.1 ಅಲ್ಲಿ ಪೂರ್ತಿಯಾಗಿ ಕೂರುವುದಿಲ್ಲ. ಹಾಗಾಗಿ ಹಣವನ್ನು ಇಂಥ ದಶಮಾಂಶ ಸಂಖ್ಯೆಯಾಗಿ, ಅಂದರೆ ಫ್ಲೋಟ್ ಆಗಿ, ಇಡಲೇಬೇಡಿ. ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. 149 ರೂಪಾಯಿ 50 ಪೈಸೆ ಎಂದರೆ 14950. ಗಿರಾಕಿಯಿಂದ ಆನ್‌ಲೈನ್‌ನಲ್ಲಿ ಹಣ ಪಡೆದು ಅಂಗಡಿಗೆ ತಲುಪಿಸುವ ರೇಜರ್‌ಪೇಯಂಥ ಪೇಮೆಂಟ್ ಗೇಟ್‌ವೇ ಕೂಡ ಮೊತ್ತವನ್ನು ಪೈಸೆಯಲ್ಲೇ ಕೇಳುತ್ತದೆ. ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ಮೂರನೆಯದನ್ನು ಹೊಸಬರು ಯಾವಾಗಲೂ ಬಿಡುತ್ತಾರೆ. ಆರ್ಡರ್‌ನ ಪ್ರತಿ ಸಾಲಿನಲ್ಲೂ ಅಂದಿನ ಹೆಸರು, ಅಂದಿನ ಬೆಲೆ, ಅಂದಿನ ತೆರಿಗೆ ದರ ಮೂರನ್ನೂ ನಕಲು ಮಾಡಿ ಇಡಬೇಕು. ಪದಾರ್ಥದ ಟೇಬಲ್‌ಗೆ ಸುಮ್ನೆ ಒಂದು ಕೊಂಡಿ ಹಾಕಿದರೆ ಸಾಲದು. ಯಾಕೆ ಎಂದು ಕೇಳಿದರೆ 2025ರ ಸೆಪ್ಟೆಂಬರ್ 22 ನೋಡಿ. ಅಂದು ಜಿಎಸ್‌ಟಿ ದರಗಳು ಬದಲಾದವು. ಪ್ಯಾಕೆಟ್ ಮಾಡಿ ಮಾರುವ ಕುರುಕು ತಿಂಡಿಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ದರವನ್ನು ಒಂದೇ ಜಾಗದಲ್ಲಿ ಇಟ್ಟು ಅದನ್ನು 5 ಎಂದು ತಿದ್ದಿದವರ ತಾಣದಲ್ಲಿ ಆಗಸ್ಟ್ ತಿಂಗಳ ಹಳೆಯ ಬಿಲ್ ತೆರೆದರೂ ಶೇ 5 ಕಾಣಿಸುತ್ತದೆ. ಆ ಬಿಲ್ ಸುಳ್ಳಾಯಿತು, ಅಲ್ವಾ?

ಉಳಿದವು: ಗಿರಾಕಿ, ವಿಳಾಸ, ಆರ್ಡರ್, ಪಾವತಿ, ಸ್ಟಾಕ್ ಚಲನೆ. ಪಾವತಿಗೆ ಬೇರೆ ಟೇಬಲ್ ಬೇಕು, ಒಂದೇ ಆರ್ಡರ್‌ಗೆ ಮೂರು ಸಲ ಹಣ ಕಟ್ಟಲು ನೋಡಿ ಮೂರನೆಯ ಸಲ ಗೆದ್ದವರು ಇರುತ್ತಾರೆ.

ಹಂತ 3: ಕಾರ್ಟ್

ಬ್ರೌಸರ್ ಮತ್ತು ಸರ್ವರ್ ಮಾತಾಡುವ ಪದ್ಧತಿಯಾದ ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ಪುಟ ಕೊಟ್ಟ ಮರುಕ್ಷಣ ನೀವು ಯಾರೆಂದು ಸರ್ವರ್ ಮರೆಯುತ್ತದೆ. ಇದಕ್ಕೆ ಪರಿಹಾರವಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಕುಕೀ, ಅಂದರೆ ಬ್ರೌಸರ್‌ನಲ್ಲಿ ಉಳಿಯುವ ಒಂದು ಸಣ್ಣ ಚೀಟಿ, ತಂದರು. ಅದರ ಹಿಂದೆ ಇದ್ದದ್ದು ಒಂದು ಆನ್‌ಲೈನ್ ಅಂಗಡಿಯ ಬೇಡಿಕೆಯೇ. ಅರ್ಧಕ್ಕೆ ನಿಂತ ಖರೀದಿಯ ವಿವರ ಸರ್ವರ್‌ನಲ್ಲಿ ಇಡಲು ಆ ಅಂಗಡಿ ಮಾಡಿಸುತ್ತಿದ್ದವರಿಗೆ ಇಷ್ಟವಿರಲಿಲ್ಲ. ಈಗ ಜಾಹೀರಾತಿನವರು ಬೆನ್ನು ಹತ್ತಲು ಬಳಸುವ ಕುಕೀ ಹುಟ್ಟಿದ್ದು ಕಾರ್ಟ್‌ಗಾಗಿ.

ಇವತ್ತಿನ ರೂಢಿ ಹೀಗೆ: ಬ್ರೌಸರ್‌ನ ಕುಕೀಯಲ್ಲಿ ಊಹಿಸಲಾಗದ ಒಂದು ಸೆಷನ್ ಗುರುತು ಮಾತ್ರ, ಕಾರ್ಟ್ ಸರ್ವರ್‌ನಲ್ಲಿ. ಕಾರ್ಟ್‌ನಲ್ಲಿ ಇರಬೇಕಾದ್ದು ಪ್ಯಾಕೆಟ್ ಸಂಖ್ಯೆ ಮತ್ತು ಎಷ್ಟು ಎನ್ನುವುದು, ಅಷ್ಟೇ. ಬೆಲೆಯನ್ನು ಬ್ರೌಸರ್‌ನಿಂದ ಯಾವತ್ತೂ ತೆಗೆದುಕೊಳ್ಳಬೇಡಿ. ಫಾರ್ಮ್‌ನಲ್ಲಿ ಬಚ್ಚಿಟ್ಟ ಬೆಲೆಯನ್ನು 149ರಿಂದ 1ಕ್ಕೆ ಬದಲಿಸಲು ಡೆವಲಪರ್ ಟೂಲ್ಸ್ ಗೊತ್ತಿರುವ ಯಾರಿಗಾದರೂ ಅರ್ಧ ನಿಮಿಷ ಸಾಕು. ನಿಮ್ಮ ತಾಣದಲ್ಲಿ ನೀವೇ ಅದನ್ನು ಮಾಡಿ ನೋಡಿ. ಬ್ರೌಸರ್ ಹೇಳಿದ್ದನ್ನು ಕೇಳಿಸಿಕೊಳ್ಳಿ, ನಂಬಬೇಡಿ. ಮೊತ್ತ ಲೆಕ್ಕ ಹಾಕುವುದು ಸರ್ವರ್, ಪ್ರತಿ ಸಲವೂ ಡೇಟಾಬೇಸ್ ನೋಡಿ.

ಕೊಳ್ಳುವ ಮುಂಚೆ ಲಾಗಿನ್ ಕೇಳಬೇಡಿ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಚಕ್ಕುಲಿ ಕೊಳ್ಳಲು ಬಂದವರ ಹತ್ತಿರ ಪಾಸ್‌ವರ್ಡ್ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಹಂತ 4: ಕೊನೆಯ ಪ್ಯಾಕೆಟ್

ಹಬ್ಬದ ಹಿಂದಿನ ಸಂಜೆ. ನಿಪ್ಪಟ್ಟು 500 ಗ್ರಾಂ ಒಂದೇ ಪ್ಯಾಕೆಟ್ ಉಳಿದಿದೆ. ಜಯನಗರದ ಒಬ್ಬರು, ಮಲ್ಲೇಶ್ವರದ ಒಬ್ಬರು ಒಂದೇ ಗಳಿಗೆಯಲ್ಲಿ ಬಟನ್ ಒತ್ತಿದರು. ನಿಮ್ಮ ಕೋಡ್ ಮೊದಲು ಸ್ಟಾಕ್ ಓದುತ್ತದೆ, 1 ಇದೆ ಎಂದು ನೋಡುತ್ತದೆ, ಆಮೇಲೆ 0 ಎಂದು ಬರೆಯುತ್ತದೆ. ಇಬ್ಬರ ವಿನಂತಿಯೂ ಒಟ್ಟಿಗೆ ಓಡಿದರೆ ಇಬ್ಬರಿಗೂ 1 ಎಂದೇ ಕಾಣುತ್ತದೆ. ಇಬ್ಬರಿಗೂ ಮಾರಾಟವಾಯಿತು.

ಪರಿಹಾರ, ಓದುವುದು ಮತ್ತು ಬರೆಯುವುದನ್ನು ಒಂದೇ ಆಜ್ಞೆಯಲ್ಲಿ ಮಾಡುವುದು. ‘ಈ ಪ್ಯಾಕೆಟ್‌ನ ಸ್ಟಾಕ್‌ನಿಂದ 1 ಕಳೆ, ಆದರೆ ಸ್ಟಾಕ್ 1 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ’ ಎಂದು ಡೇಟಾಬೇಸ್‌ಗೆ ಹೇಳಿ. ಎಷ್ಟು ಸಾಲು ಬದಲಾಯಿತು ಎಂದು ಅದು ಉತ್ತರ ಕೊಡುತ್ತದೆ. 1 ಎಂದರೆ ಸಿಕ್ಕಿತು. 0 ಎಂದರೆ ಮುಗಿದಿದೆ, ಗಿರಾಕಿಗೆ ಸಮಾಧಾನ ಹೇಳಿ. ಜ್ಯಾಂಗೋದಲ್ಲಿ ಇದನ್ನು ಫಿಲ್ಟರ್ ಮತ್ತು ಅಪ್‌ಡೇಟ್ ಸೇರಿಸಿ ಒಂದೇ ಸಾಲಿನಲ್ಲಿ ಬರೆಯಬಹುದು. ಕಾರ್ಟ್‌ನಲ್ಲಿ ಐದು ಪದಾರ್ಥ ಇದ್ದರೆ ಐದನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ಇಡಿ. ನಾಲ್ಕು ಸಿಕ್ಕಿ ಐದನೆಯದು ಸಿಗದಿದ್ದರೆ ನಾಲ್ಕೂ ವಾಪಸ್ ಹೋಗಬೇಕು.

ಸ್ಟಾಕ್ ಯಾವಾಗ ಕಳೆಯಬೇಕು? ಕಾರ್ಟ್‌ಗೆ ಹಾಕಿದಾಗ ಕಳೆದರೆ, ಸುಮ್ನೆ ನೋಡಲು ಬಂದವರು ಅಂಗಡಿಯನ್ನೇ ಖಾಲಿ ಮಾಡುತ್ತಾರೆ. ಹಣ ಬಂದ ಮೇಲೆ ಕಳೆದರೆ, ಹಣ ಕೊಟ್ಟವರಿಗೆ ‘ಇಲ್ಲ’ ಎನ್ನಬೇಕಾಗುತ್ತದೆ. ನಡುವಿನ ದಾರಿ, ಚೆಕ್‌ಔಟ್‌ನಲ್ಲಿ ಹಣ ಕಟ್ಟಲು ಹೊರಟಾಗ 15 ನಿಮಿಷಕ್ಕೆ ಕಾದಿರಿಸುವುದು. ಅಷ್ಟರಲ್ಲಿ ಹಣ ಬರದಿದ್ದರೆ ಬಿಟ್ಟುಕೊಡುವುದು. ಅಂಗಡಿಯವರ ‘ಆರು ಗಂಟೆವರೆಗೂ ಎತ್ತಿಟ್ಟಿರ್ತೀವಿ’ ಇದೇ.

ಇದನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ. ಸ್ಟಾಕ್ 1 ಇಟ್ಟು, ಒಟ್ಟಿಗೆ ಐವತ್ತು ವಿನಂತಿ ಕಳಿಸುವ ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿ. ಒಂದೇ ಆರ್ಡರ್ ಹುಟ್ಟಬೇಕು.

ಹಂತ 5: ಹಣ

ಒಳ್ಳೆಯ ಸುದ್ದಿ ಎಂದರೆ ಇದನ್ನು ಕಲಿಯಲು ನಿಜವಾದ ಹಣ ಬೇಡ. ಪೇಮೆಂಟ್ ಗೇಟ್‌ವೇಗಳಲ್ಲಿ ಟೆಸ್ಟ್ ಮೋಡ್ ಇರುತ್ತದೆ. ನಕಲಿ ಕಾರ್ಡ್, ನಕಲಿ ಯುಪಿಐ ಐಡಿ ಕೊಟ್ಟು ಗೆದ್ದ ಪಾವತಿ, ಸೋತ ಪಾವತಿ ಎರಡನ್ನೂ ಆಡಿಸಬಹುದು.

ಹಾದಿ ಹೀಗಿದೆ. ನಿಮ್ಮ ಸರ್ವರ್ ಮೊತ್ತ ಲೆಕ್ಕ ಹಾಕಿ ಗೇಟ್‌ವೇಗೆ ‘ಇಷ್ಟು ಪೈಸೆಯ ಆರ್ಡರ್’ ಎಂದು ತಿಳಿಸುತ್ತದೆ. ಅದು ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಹಿಡಿದು ಬ್ರೌಸರ್‌ನಲ್ಲಿ ಗೇಟ್‌ವೇಯ ಕಿಟಕಿ ತೆರೆಯುತ್ತದೆ. ಗಿರಾಕಿ ಅಲ್ಲಿ ಹಣ ಕಟ್ಟುತ್ತಾರೆ. ಕಾರ್ಡ್ ಸಂಖ್ಯೆ ನಿಮ್ಮ ಸರ್ವರ್ ಮುಟ್ಟುವುದೇ ಇಲ್ಲ, ಮುಟ್ಟಲೂಬಾರದು. ಕಾರ್ಡ್ ವಿವರವನ್ನು ಅಂಗಡಿಗಳು ಉಳಿಸಿಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. 2022ರ ಅಕ್ಟೋಬರ್ 1ರಿಂದ ಅದರ ಬದಲು ಟೋಕನ್ (ಕಾರ್ಡ್ ಸಂಖ್ಯೆಯ ಬದಲಿಗೆ ಬಳಸುವ ಸಂಕೇತ) ಮಾತ್ರ.

ಹಣ ಕಟ್ಟಿದ ಮೇಲೆ ಬ್ರೌಸರ್ ನಿಮ್ಮ ‘ಧನ್ಯವಾದ’ ಪುಟಕ್ಕೆ ಬರುತ್ತದೆ. ಹೊಸಬರು ಇಲ್ಲೇ ಆರ್ಡರ್ ಖಚಿತ ಎಂದು ಬರೆದುಬಿಡುತ್ತಾರೆ. ಎರಡು ತೊಂದರೆ. ಒಂದು, ಆ ಪುಟದ ವಿಳಾಸ ಗೊತ್ತಿದ್ದವರು ಹಣ ಕಟ್ಟದೆಯೂ ಅಲ್ಲಿಗೆ ಬರಬಹುದು. ಎರಡು, ಹಣ ಕಟ್ಟಿದವರು ಬರದೇ ಹೋಗಬಹುದು. ಮೆಟ್ರೊ ಸುರಂಗಕ್ಕೆ ಇಳಿಯಿತು, ನೆಟ್‌ವರ್ಕ್ ಹೋಯಿತು. ಯುಪಿಐ ಆ್ಯಪ್‌ಗೆ ಹೋದವರು ಬ್ರೌಸರ್‌ಗೆ ಮರಳಲೇ ಇಲ್ಲ.

ಮೊದಲನೆಯದಕ್ಕೆ ಸಹಿ ಪರೀಕ್ಷೆ. ಗೇಟ್‌ವೇ ಕಳಿಸುವ ವಿವರದ ಜೊತೆ, ನಿಮ್ಮಿಬ್ಬರಿಗೇ ಗೊತ್ತಿರುವ ಗುಟ್ಟಿನ ಕೀಲಿಯಿಂದ ಮಾಡಿದ ಸಹಿ ಇರುತ್ತದೆ. ಅದೇ ಲೆಕ್ಕವನ್ನು ನೀವೂ ಮಾಡಿ ಹೋಲಿಸಬೇಕು. ಎರಡನೆಯದಕ್ಕೆ ವೆಬ್‌ಹುಕ್. ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ‘ಈ ಪಾವತಿ ಆಯಿತು’ ಎಂದು ಹೇಳುತ್ತದೆ. ಗಿರಾಕಿಯ ಫೋನ್ ಆಫ್ ಆಗಿದ್ದರೂ ಪರವಾಗಿಲ್ಲ.

ವೆಬ್‌ಹುಕ್ ಬರೆಯುವಾಗ ಕೆಲವು ಎಚ್ಚರಿಕೆ. ಸಹಿ ಪರೀಕ್ಷೆಗೆ ಬಂದ ಪಠ್ಯವನ್ನು ಬಂದ ಹಾಗೆಯೇ ಬಳಸಿ. ಬಿಚ್ಚಿ ಮತ್ತೆ ಜೋಡಿಸಿದರೆ ಒಂದು ಖಾಲಿ ಜಾಗ ಬದಲಾದರೂ ಸಹಿ ಹೊಂದುವುದಿಲ್ಲ. ಒಂದೇ ಸುದ್ದಿ ಎರಡು ಸಲ ಬರಬಹುದು. ಪಾವತಿ ಸಂಖ್ಯೆಯ ಮೇಲೆ ‘ಇದು ಒಂದೇ ಸಲ ಇರಬೇಕು’ ಎಂಬ ನಿರ್ಬಂಧವನ್ನು ಡೇಟಾಬೇಸ್‌ನಲ್ಲೇ ಹಾಕಿ. ಎರಡನೆಯ ಸಲ ಬಂದದ್ದಕ್ಕೆ ಏನೂ ಮಾಡದೆ 200 ಉತ್ತರ ಕೊಡಿ. ಬಂದ ಮೊತ್ತವೂ ನಿಮ್ಮ ಆರ್ಡರ್‌ನ ಮೊತ್ತವೂ ಒಂದೇ ಎಂದು ಹೋಲಿಸಿ. ಇಷ್ಟಾದರೂ ವೆಬ್‌ಹುಕ್ ತಪ್ಪಿಹೋಗುವ ದಿನ ಬರುತ್ತದೆ. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಓಡುವ ಒಂದು ಕೆಲಸ ಇಟ್ಟು, ‘ಪಾವತಿ ಬಾಕಿ’ ಎಂದು ನಿಂತಿರುವ ಆರ್ಡರ್‌ಗಳ ಬಗ್ಗೆ ಗೇಟ್‌ವೇಯನ್ನೇ ಕೇಳಿ.

ಕಾದಿರಿಸಿದ 15 ನಿಮಿಷ ಮುಗಿದ ಮೇಲೆ ಹಣ ಬಂದರೆ? ಸ್ಟಾಕ್ ಇನ್ನೂ ಇದ್ದರೆ ಕೊಡಿ, ಇಲ್ಲದಿದ್ದರೆ ತಾನಾಗಿ ಹಣ ವಾಪಸ್ ಹೋಗಲಿ. ಯಾವುದೋ ಒಂದು ನಿಯಮ ಇರಬೇಕು, ‘ನೋಡೋಣ’ ಎನ್ನುವುದು ನಿಯಮ ಅಲ್ಲ.

ಇದೆಲ್ಲ ತಲೆಯಲ್ಲಿ ಕಲಸಿಹೋಗದಿರಲು ಆರ್ಡರ್‌ನ ಸ್ಥಿತಿಗಳನ್ನು ಕಾಗದದ ಮೇಲೆ ಬಿಡಿಸಿ. ಪಾವತಿ ಬಾಕಿ, ಪಾವತಿಯಾಗಿದೆ, ಪ್ಯಾಕ್ ಆಗಿದೆ, ಕಳಿಸಿದೆ, ತಲುಪಿದೆ, ರದ್ದಾಗಿದೆ, ಹಣ ಮರಳಿಸಿದೆ. ಯಾವುದರಿಂದ ಯಾವುದಕ್ಕೆ ಹೋಗಬಹುದು ಎಂದು ಬಾಣ ಎಳೆಯಿರಿ. ಬಾಣ ಇಲ್ಲದ ಕಡೆಗೆ ಹೋಗಲು ಕೋಡ್ ಬಿಡಬಾರದು. ಕ್ಯಾಶ್ ಆನ್ ಡೆಲಿವರಿಗೆ ಬೇರೆಯೇ ದಾರಿ ಎಳೆಯಬೇಕು, ಅಲ್ಲಿ ಹಣ ಬರುವುದು ತಲುಪಿದ ಮೇಲೆ. ಈ ಪದ್ಧತಿಯನ್ನು ಫ್ಲಿಪ್‌ಕಾರ್ಟ್ 2010ರಲ್ಲಿ ತಂದಿತು. ಜನ ಕಾಣದ ಅಂಗಡಿಯನ್ನು ನಂಬಿದ್ದು ಅದರಿಂದಲೇ ಜಾಸ್ತಿ. ನಿಮ್ಮ ಸಣ್ಣ ಅಂಗಡಿಗೂ ಅದು ಬೇಕಾಗುತ್ತದೆ.

ಹಂತ 6: ತೆರಿಗೆ ಮತ್ತು ಒಂದು ಪೈಸೆ

ಪ್ಯಾಕೆಟ್ ಕರ್ನಾಟಕದೊಳಗೆ ಹೋದರೆ ತೆರಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎಂದು ಅರ್ಧರ್ಧ. ಹೊರರಾಜ್ಯಕ್ಕೆ ಹೋದರೆ ಪೂರ್ತಿ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ). ತೀರ್ಮಾನ ಮಾಡುವುದು ತಲುಪಿಸುವ ವಿಳಾಸದ ರಾಜ್ಯ. ಜಿಎಸ್‌ಟಿಯಲ್ಲಿ ಕರ್ನಾಟಕದ ಸಂಕೇತ 29.

ಪ್ಯಾಕೆಟ್ ಮೇಲೆ ಬರೆದ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಹಾಗಾಗಿ ನೀವು ಹಿಂದಕ್ಕೆ ಲೆಕ್ಕ ಹಾಕಬೇಕು. 99 ರೂಪಾಯಿಯ ಚಕ್ಕುಲಿ, ತೆರಿಗೆ ಶೇ 5. 99ನ್ನು 1.05ರಿಂದ ಭಾಗಿಸಿದರೆ 94.2857, ಅಂದರೆ 94.29. ಅದರ ಮೇಲೆ ಶೇ 2.5ರಂತೆ ಎರಡು ಸಲ 2.36. ಕೂಡಿಸಿ: 99.01. ಗಿರಾಕಿ ಕೊಟ್ಟದ್ದು 99! ಈ ಪೈಸೆಯನ್ನು ಎಲ್ಲಿ ಸರಿಮಾಡಬೇಕು ಎಂದು ಮೊದಲೇ ನಿರ್ಧರಿಸಿ. ಮೊದಲು ತೆರಿಗೆಯ ಎರಡು ಭಾಗ ಲೆಕ್ಕ ಹಾಕಿ, ಉಳಿದದ್ದನ್ನು ಮೂಲ ಬೆಲೆ ಎಂದುಕೊಂಡರೆ 94.28ಕ್ಕೆ 2.36 ಮತ್ತು 2.36 ಸೇರಿ ಸರಿಯಾಗಿ 99 ಆಗುತ್ತದೆ. ಯಾವ ಪದಾರ್ಥಕ್ಕೆ ಯಾವ ದರ, ನೋಂದಣಿ ಬೇಕೋ ಬೇಡವೋ ಎನ್ನುವುದನ್ನು ಅಂಗಡಿಯವರ ಅಕೌಂಟೆಂಟ್ ಹತ್ತಿರವೇ ಕೇಳಿ. ಅದು ಪ್ರೋಗ್ರಾಮರ್ ಊಹಿಸುವ ವಿಷಯ ಅಲ್ಲ. ತಿಂಡಿ ಮಾರುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆಯೂ ಬೇಕು.

ಹಂತ 7: ಹೆಸರು, ವಿಳಾಸ, ಕನ್ನಡ

ವಿದೇಶಿ ಪಾಠ ನೋಡಿ ಮಾಡಿದ ಫಾರ್ಮ್‌ಗಳು ನಮ್ಮ ಜನಕ್ಕೆ ಹೊಂದುವುದಿಲ್ಲ. ‘ಕೊನೆಯ ಹೆಸರು’ ಕಡ್ಡಾಯ ಮಾಡಿದರೆ, ಬರೀ ಇನಿಶಿಯಲ್ ಇಟ್ಟುಕೊಂಡವರು ಅಲ್ಲಿ ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಹೆಸರಿಗೆ ಒಂದೇ ಜಾಗ ಇಡಿ.

ವಿಳಾಸವೂ ಹಾಗೆಯೇ. ಬೆಂಗಳೂರಿನಲ್ಲಿ ‘7ನೇ ಕ್ರಾಸ್, 3ನೇ ಮೇನ್’ ಪ್ರತಿ ಬಡಾವಣೆಯಲ್ಲೂ ಇದೆ. ಮನೆ ಸಂಖ್ಯೆ, ಕ್ರಾಸ್ ಮತ್ತು ಮೇನ್, ಬಡಾವಣೆ ಮತ್ತು ಹಂತ, ಹತ್ತಿರದ ಗುರುತು, ಪಿನ್ ಕೋಡ್. ‘ಗಣಪತಿ ದೇವಸ್ಥಾನದ ಎದುರು’ ಎನ್ನುವುದು ಡೆಲಿವರಿ ಹುಡುಗನಿಗೆ ಮ್ಯಾಪ್‌ಗಿಂತ ಹೆಚ್ಚು ನೆರವಾಗುತ್ತದೆ, ಆ ಜಾಗವನ್ನು ಎದ್ದು ಕಾಣುವಂತೆ ಇಡಿ. ಪಿನ್ ಆರು ಅಂಕಿ, ಸೊನ್ನೆಯಿಂದ ಶುರುವಾಗುವುದಿಲ್ಲ. ನಗರದವು 560ರಿಂದ ಶುರು. ಎಲ್ಲಿಗೆಲ್ಲ ಕಳಿಸುತ್ತೀರಿ ಎನ್ನುವುದನ್ನು ಪಿನ್ ಪಟ್ಟಿಯಾಗಿ ಇಟ್ಟು, ಪದಾರ್ಥದ ಪುಟದಲ್ಲೇ ಹೇಳಿಬಿಡಿ. ಎಲ್ಲ ತುಂಬಿಸಿದ ಮೇಲೆ ‘ನಿಮ್ಮ ಕಡೆಗೆ ಬರುವುದಿಲ್ಲ’ ಎಂದರೆ ಬೈಯುತ್ತಾರೆ.

ಕನ್ನಡದಲ್ಲಿ ಅಂಗಡಿ ಮಾಡುವುದು ಬರೀ ಅನುವಾದದ ಕೆಲಸ ಅಲ್ಲ. ಎಲ್ಲ ಕಡೆ ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಹಿಡಿಸುವ ಸಂಕೇತ ಪದ್ಧತಿ) ಇರಲಿ. ಪೋಸ್ಟ್‌ಗ್ರೆಸ್ ಬದಲು ಮೈಎಸ್‌ಕ್ಯುಎಲ್ ಬಳಸಿದರೆ ‘ಯುಟಿಎಫ್8ಎಂಬಿ4’ ಆರಿಸಿ, ಇಲ್ಲದಿದ್ದರೆ ಗಿರಾಕಿ ಎಮೋಜಿ ಹಾಕಿದ ದಿನ ಎಡವುತ್ತದೆ. ಹುಡುಕಾಟದಲ್ಲಿ ಇನ್ನೂ ಒಂದು ತೊಡಕು ಇದೆ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ‘ಕೋಡುಬಳೆ’ ಎಂದೇ ಕಾಣುತ್ತವೆ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪದ, ಹುಡುಕಿದರೆ ಸಿಗುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್ ಒಂದೇ ಸಾಲಿನಲ್ಲಿ ಇದನ್ನು ಮಾಡುತ್ತದೆ. ತುಂಬಾ ಜನ ಇಂಗ್ಲಿಷ್ ಅಕ್ಷರದಲ್ಲೇ ‘kodbale’, ‘kodubale’ ಎಂದೆಲ್ಲ ಒತ್ತುತ್ತಾರೆ. ಪ್ರತಿ ಪದಾರ್ಥಕ್ಕೂ ಪರ್ಯಾಯ ಹೆಸರುಗಳ ಒಂದು ಟೇಬಲ್ ಮಾಡಿ. ಗಿರಾಕಿಗಳು ಹುಡುಕಿ ಸಿಗದ ಪದಗಳನ್ನು ದಾಖಲಿಸಿ, ವಾರಕ್ಕೊಮ್ಮೆ ಅದಕ್ಕೆ ಸೇರಿಸುತ್ತಾ ಹೋಗಿ.

ಎಸ್‌ಎಂಎಸ್ ಲೆಕ್ಕವೂ ಇದೆ. ಇಂಗ್ಲಿಷ್ ಸಂದೇಶ ಒಂದಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಚುಟುಕಾಗಿ ಬರೆಯಿರಿ.

ಹಂತ 8: ಕಳ್ಳರು

ಜ್ಯಾಂಗೋ ಅರ್ಧ ಕೆಲಸ ತಾನೇ ಮಾಡುತ್ತದೆ. ಪಾಸ್‌ವರ್ಡನ್ನು ಹ್ಯಾಶ್ ಮಾಡಿಯೇ, ಅಂದರೆ ಹಿಂದಕ್ಕೆ ಓದಲಾಗದ ರೂಪದಲ್ಲೇ, ಇಡುತ್ತದೆ. ನೀವು ಒಂದು ಸಾಲು ಸೇರಿಸಿದರೆ, ಫಾರ್ಮ್ ನಿಮ್ಮ ತಾಣದಿಂದಲೇ ಬಂದದ್ದು ಎಂದು ತೋರಿಸುವ ಗುಟ್ಟಿನ ಟೋಕನ್ ಹಾಕುತ್ತದೆ. ಪುಟದಲ್ಲಿ ಅಚ್ಚಾಗುವ ಪಠ್ಯದೊಳಗಿನ ಸ್ಕ್ರಿಪ್ಟ್‌ನ ಹಲ್ಲು ಕಿತ್ತುಹಾಕುತ್ತದೆ. ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯುಎಲ್ ವಾಕ್ಯಗಳನ್ನು ಕೈಯಾರೆ ಅಂಟಿಸಿ ಕಟ್ಟದಿದ್ದರೆ ಇಂಜೆಕ್ಷನ್ (ಕಳ್ಳರು ಅದರೊಳಗೆ ತಮ್ಮ ಆಜ್ಞೆ ನುಸುಳಿಸುವ) ಭಯವೂ ಕಮ್ಮಿ. ಫ್ರೇಮ್‌ವರ್ಕ್ ಕಾಯಲಾರದ್ದು ಇದೊಂದು: ಆರ್ಡರ್ ಪುಟದ ವಿಳಾಸದ ಕೊನೆಯಲ್ಲಿ 1041 ಇದೆ. ಗಿರಾಕಿ ಅದನ್ನು 1042 ಮಾಡುತ್ತಾರೆ. ಬೇರೆಯವರ ಹೆಸರು, ಫೋನ್, ಮನೆ ವಿಳಾಸ ಎದುರಿಗೆ! ಪ್ರತಿ ಪುಟದಲ್ಲೂ ‘ಈ ಆರ್ಡರ್ ಇವರದ್ದೇನಾ’ ಎಂದು ಕೋಡ್ ಕೇಳಲೇಬೇಕು. ಒಟಿಪಿ ಎಷ್ಟು ಸಲ ಕೇಳಬಹುದು, ಎಷ್ಟು ಸಲ ತಪ್ಪು ಒತ್ತಬಹುದು ಎನ್ನುವುದಕ್ಕೂ ಮಿತಿ ಇರಲಿ. ಗೇಟ್‌ವೇಯ ಗುಟ್ಟಿನ ಕೀಲಿಯನ್ನು ಕೋಡ್‌ನೊಳಗೆ ಬರೆದು, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಹಾಕಬೇಡಿ. ಅಳಿಸಿದರೂ ಹಳೆಯ ಪ್ರತಿಗಳಲ್ಲಿ ಅದು ಉಳಿದಿರುತ್ತದೆ.

ಹಂತ 9: ಊರಿಗೆ ತೆರೆಯುವುದು

ಕೋಡ್‌ನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್ ಅನ್ನು ಮೊದಲ ದಿನದಿಂದಲೇ ಬಳಸಿ. ಮೊತ್ತ, ಸ್ಟಾಕ್, ಸ್ಥಿತಿ ಬದಲಾವಣೆ, ವೆಬ್‌ಹುಕ್ ಈ ನಾಲ್ಕಕ್ಕೆ ಟೆಸ್ಟ್ ಬರೆಯಿರಿ, ಉಳಿದವಕ್ಕೆ ಆಮೇಲೆ ನೋಡಿಕೊಳ್ಳಬಹುದು. ಸಣ್ಣ ಬಾಡಿಗೆ ಸರ್ವರ್ ಸಾಕು. ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್ ಆರಿಸಿದರೆ ಪುಟ ಬೇಗ ಬರುತ್ತದೆ. ಗಿರಾಕಿ ಕಳಿಸುವ ವಿವರ ನಡುವೆ ಯಾರೂ ಓದದಂತೆ ಕಾಯುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಉಚಿತ.

ಸಮಯವನ್ನು ಡೇಟಾಬೇಸ್‌ನಲ್ಲಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇಟ್ಟು ತೋರಿಸುವಾಗ ನಮ್ಮ ಸಮಯ ಮಾಡಿ. ನಾವು ಐದೂವರೆ ಗಂಟೆ ಮುಂದಿದ್ದೇವೆ. ಇದನ್ನು ಮರೆತರೆ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ಆರ್ಡರ್‌ಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರಿ, ಅಂಗಡಿಯವರ ಖಾತೆ ಪುಸ್ತಕಕ್ಕೂ ನಿಮ್ಮ ವರದಿಗೂ ತಾಳೆಯಾಗುವುದಿಲ್ಲ. ದಿನವೂ ಬ್ಯಾಕಪ್ ತೆಗೆಯಿರಿ. ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದಲ್ಲಿ ಅಂಗಡಿಯ ಅಧಿಕೃತ ಹೆಸರು, ವಿಳಾಸ ಮತ್ತು ದೂರು ಕೇಳುವ ಅಧಿಕಾರಿಯ ವಿವರ ಇರಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದಕ್ಕೊಂದು ಪುಟ, ಒಂದು ಟೇಬಲ್ ಸಾಕು.

ಜೊತೆಗಾರರು ಮತ್ತು ಇಂಟರ್‌ವ್ಯೂ

ಒಬ್ಬರೇ ಕೂತು ಕಲಿತರೆ ಮೂರನೆಯ ತಿಂಗಳಿಗೆ ಬೇಸರ ಬರುತ್ತದೆ. ಈ ಊರಿನಲ್ಲಿ ಜೊತೆಗಾರರಿಗೆ ಬರವಿಲ್ಲ. ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್ ಗುಂಪು, ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್‌ನ ಬೆಂಗಳೂರು ಬಳಗ ಭೇಟಿಗಳನ್ನು ನಡೆಸುತ್ತವೆ. ಇಂಗ್ಲಿಷ್ ತೊಡಕಾದವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಧ್ವನಿಯಲ್ಲೇ ಪಾಠಗಳು ಸಿಗುತ್ತವೆ. ಕೆಲವು ಹಳೆಯವು, ಆದರೆ ಬುನಾದಿಗೆ ಸಾಕು.

ಇಂಟರ್‌ವ್ಯೂಗೆ ಹೋದಾಗ ಮುಖಪುಟ ತೋರಿಸಿ ಸಮಯ ಹಾಳು ಮಾಡಬೇಡಿ. ಲ್ಯಾಪ್‌ಟಾಪ್ ತೆರೆದು, ಸ್ಟಾಕ್ 1 ಇಟ್ಟು ಐವತ್ತು ವಿನಂತಿಯ ಸ್ಕ್ರಿಪ್ಟ್ ಓಡಿಸಿ. ಒಂದೇ ವೆಬ್‌ಹುಕ್ಕನ್ನು ಮೂರು ಸಲ ಕಳಿಸಿ ಒಂದೇ ಪಾವತಿ ದಾಖಲಾದದ್ದನ್ನು ತೋರಿಸಿ. ವೆಬ್‌ಹುಕ್ ನಿಲ್ಲಿಸಿಟ್ಟು, ಹಣ ಕಟ್ಟಿದ ಕೂಡಲೇ ಬ್ರೌಸರ್ ಮುಚ್ಚಿಬಿಡಿ, ಹತ್ತು ನಿಮಿಷಕ್ಕೊಮ್ಮೆ ಓಡುವ ಆ ಕೆಲಸವನ್ನು ಅಲ್ಲೇ ಕೈಯಾರೆ ಓಡಿಸಿ, ಆರ್ಡರ್ ‘ಪಾವತಿಯಾಗಿದೆ’ ಎಂದು ಬದಲಾಗುವುದನ್ನು ತೋರಿಸಿ. ಎದುರಿಗೆ ಕೂತವರು ಇಂಥ ತೊಂದರೆಗಳನ್ನು ಬಿಡಿಸುತ್ತಾ ರಾತ್ರಿ ಕಳೆದವರಾಗಿದ್ದರೆ, ಮುಂದಿನ ಪ್ರಶ್ನೆಗಳೆಲ್ಲ ನಿಮಗೆ ಗೊತ್ತಿರುವ ಕಡೆಯಿಂದಲೇ ಬರುತ್ತವೆ.